ಗಾಳಿಯ ಮೇಲೆ ಕೂತ ಗಾಡಿ

ಮುಂಬಯಿಯ ಮಲಾಡಿನ ನಮ್ಮ ಚಾಳಿನ ಗ್ಯಾಲರಿಯಲ್ಲಿ ನಿಂತರೆ ಎದುರಿಗೇ ಮಾಮಾರ ಗ್ಯಾರೇಜು ಕಾಣುತ್ತಿತ್ತು. ಮಾಮಾ ಅಂದರೆ ನನ್ನ ಅಕ್ಕನ ಗಂಡ. ಎಪ್ಪತ್ತರ ದಶಕದ ಆ ವರ್ಷ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ, ಬೆಳಿಗ್ಗೆ ಹಲ್ಲುಜ್ಜುತ್ತ ನಾನು ಮೊದಲು ನೋಡುತ್ತಿದ್ದದ್ದು ಗ್ಯಾರೇಜಿನ ಅಂಗಳದಲ್ಲಿ ನಿಂತ ಮನೆಗಾಡಿಯನ್ನು. ಅದು ಎಡಕ್ಕೆ ವಾಲಿರುತ್ತಿತ್ತು. ಹಿಂದಿನ ಸಂಜೆ ಮಾಮಾ ಗಾಳಿ ತುಂಬಿ ನೆಟ್ಟಗೆ ನಿಲ್ಲಿಸಿ ಬಂದ ಗಾಡಿ, ಬೆಳಗಾಗುವಷ್ಟರಲ್ಲಿ ಎಡಗಡೆಯ ಹಿಂದಿನ ಮೂಲೆಯನ್ನು ನೆಲದ ಕಡೆ ಇಳಿಬಿಟ್ಟು, ಪಾರ್ಶ್ವವಾಯು ಬಡಿದವರ ಹಾಗೆ ನಿಂತಿರುತ್ತಿತ್ತು. ಬಾಯಿ ಮುಕ್ಕಳಿಸಿ ಉಗಿದು ಒಳಗೆ ಹೋಗುತ್ತಿದ್ದೆ.

ಮನೆಗಾಡಿ ಎಂಬ ಹೆಸರು ಚಾಳಿನವರು ಇಟ್ಟದ್ದು. ಯಾವುದೋ ದೂರದೇಶದ ಜನ ನೆಲದ ಹಾದಿಯಲ್ಲೇ ಅದನ್ನು ಓಡಿಸಿಕೊಂಡು ಮುಂಬಯಿಯವರೆಗೆ ಬಂದು, ಇಲ್ಲಿ ಇಂಜಿನ್ನು ಕೈಕೊಟ್ಟ ಮೇಲೆ ಬಿಟ್ಟುಹೋಗಿದ್ದರಂತೆ. ಹರಾಜಿಗೆ ಬಂದಾಗ ಮಾಮಾ ಅದನ್ನು ಹಿಡಿದು ಎಳೆದುತಂದರು. ಒಳಗೆ ಮಂಚ, ಗೋಡೆಗೆ ಕಪಾಟು, ಒಲೆ, ಪಾತ್ರೆ ತೊಳೆಯಲು ಜಾಗ, ನೀರಿನ ಟಾಕಿ, ಕಿಟಕಿಗೆ ಹೂವಿನ ಪರದೆ. ಅಕ್ಕ, ಮಾಮಾ, ನಾನು ಮೂವರೂ ಇದ್ದ ಒಂದೇ ಖೋಲಿಗಿಂತ ಅದರಲ್ಲಿ ಸವಲತ್ತು ಹೆಚ್ಚಿತ್ತು. ಚಾಳಿನ ಹೆಂಗಸರು ಸಾಲಾಗಿ ಬಂದು ಬಗ್ಗಿ ನೋಡಿ, ಒಳಗೇ ನಳವೂ ಇದೆಯಲ್ಲ ಎಂದು ಹೊಟ್ಟೆಕಿಚ್ಚು ಪಟ್ಟುಕೊಂಡು ಹೋದರು. ಆ ನಳದಲ್ಲೂ ನಮ್ಮ ನಳದ ಹಾಗೆಯೇ ನೀರು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮಾಮಾ ಅದಕ್ಕೆ ಇಲ್ಲಿಯ ಡೀಸೆಲ್ ಇಂಜಿನ್ನು ಕೂರಿಸಿ ಓಡುವಂತೆ ಮಾಡಿದರು. ಆದರೆ ಅಷ್ಟೆಲ್ಲ ಮರ, ಕಬ್ಬಿಣ ಹೊತ್ತ ಗಾಡಿ ಹೂವಿನಂತೆ ಹೋಗುತ್ತದೆಯೇ? ಲಾರಿಗಳ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರಲ್ಲ, ಆ ಕಮಾನು ಇದರಲ್ಲಿ ಎಷ್ಟು ಬಿರುಸಾಗಿತ್ತೆಂದರೆ, ರಸ್ತೆಯ ಮೇಲೆ ಸಣ್ಣ ಕಲ್ಲು ಸಿಕ್ಕರೂ ಒಳಗಿನ ಕಪಾಟುಗಳ ಬಾಗಿಲು ತಾವಾಗಿ ತೆರೆದುಕೊಳ್ಳುತ್ತಿದ್ದವು. ಮೊದಲ ಸಲ ಕೂತು ಸ್ಟೇಷನ್ನಿನವರೆಗೆ ಹೋಗಿಬಂದ ನಾನು ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಿದೆ. ಮಾಮಾ ನಕ್ಕರು. ಆಗ ಅವರಿಗೆ ಅದೊಂದು ತಮಾಷೆಯ ಗಾಡಿ ಮಾತ್ರವಾಗಿತ್ತು.

ತಮಾಷೆ ಮುಗಿದದ್ದು ಅಕ್ಕ ಬಸಿರಾದ ಮೇಲೆ. ಅಕ್ಕ ಅದಕ್ಕೂ ಮುಂಚೆ ಎರಡು ಸಲ ಬಸಿರು ಕಳೆದುಕೊಂಡಿದ್ದಳು. ಎರಡನೆಯದು ಹೋದದ್ದು ಊರಿಗೆ ಹೊರಟಿದ್ದ ಬಸ್ಸಿನಲ್ಲಿ. ಅಂದು ಅವಳ ಪಕ್ಕದಲ್ಲಿ ಕೂತಿದ್ದವಳು ನಾನೇ. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲಾರೆ. ಆ ಮೇಲೆ ಅಕ್ಕ ರಸ್ತೆ ದಾಟುವಾಗ, ಲೋಕಲ್ ಹತ್ತುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು, ಒಳಗೆ ಏನೂ ಇಲ್ಲದಿದ್ದಾಗಲೂ.

ಈ ಸಲ ಐದು ತಿಂಗಳು ದಾಟಿತು. ಊರಿನಿಂದ ಅವ್ವ ಹೇಳಿಕಳಿಸುತ್ತಲೇ ಇದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ಕರೆದೊಯ್ಯುತ್ತೇನೆ ಎಂದು. ಅಕ್ಕನನ್ನು ನೋಡುತ್ತಿದ್ದ ಡಾಕ್ಟರಬಾಯಿ, ಹೋಗದಿದ್ದರೆ ಒಳ್ಳೆಯದು, ಹೋಗಲೇಬೇಕಾದರೆ ಉದ್ದಕ್ಕೂ ಮಲಗಿಕೊಂಡು ಒಂದಿಷ್ಟೂ ಕುಲುಕಾಟವಿಲ್ಲದೆ ಹೋಗಬೇಕು ಎಂದರು. ರೈಲಿನಲ್ಲಾದರೆ ಮಿರಜಿನಲ್ಲಿ ಗಾಡಿ ಬದಲಿಸಬೇಕು, ಆಮೇಲೆ ಮತ್ತೆ ಬಸ್ಸು. ನಮ್ಮ ಮಾಮಾ ಡಾಕ್ಟರಬಾಯಿಯ ಮಾತಿನ ಮೊದಲರ್ಧವನ್ನು ಅಲ್ಲೇ ಬಿಟ್ಟು ಎರಡನೆಯ ಅರ್ಧವನ್ನು ಮಾತ್ರ ಮನೆಗೆ ತಂದರು.

"ಹೊಟ್ಯಾಗಿನ ನೀರ ಅಳ್ಳಾಡಲಾರದಂಗ ಕರಕೊಂಡ ಹೋಗ್ತೀನಿ. ನೋಡ್ಕೋತ ಇರ್ರಿ," ಅಂದರು.

ವಿಕ್ರೋಳಿಯ ಕಡೆಯ ಯಾವುದೋ ಕಾರ್ಖಾನೆಯ ಹಳೆ ಸಾಮಾನಿನ ರಾಶಿಯಿಂದ ಅವರು ಎರಡು ರಬ್ಬರ್ ಬಲೂನು ತಂದರು. ಅಲ್ಲಿ ದೊಡ್ಡ ಯಂತ್ರವೊಂದರ ಕೆಳಗೆ, ಅದರ ನಡುಕ ನೆಲಕ್ಕೆ ತಾಗದಿರಲಿ ಎಂದು ಇಟ್ಟಿದ್ದವಂತೆ. ಮಕ್ಕಳು ಊದುವ ಬಲೂನಲ್ಲ. ದಪ್ಪ ಕಪ್ಪು ರಬ್ಬರು, ಮೇಲೆ ಕೆಳಗೆ ಕಬ್ಬಿಣದ ತಟ್ಟೆ, ನೋಡಲು ಒಂದರ ಮೇಲೊಂದು ಇಟ್ಟ ಉದ್ದಿನವಡೆಗಳ ಹಾಗೆ. ಪರದೇಶದ ದೊಡ್ಡ ಬಸ್ಸುಗಳು ಇಂಥದರ ಮೇಲೇ ಕೂತು ಓಡುತ್ತವೆ ಎಂದು ಮಾಮಾ ಯಾರಿಂದಲೋ ಕೇಳಿದ್ದರು. ಹಿಂದಿನ ಕಮಾನುಗಳಿಂದ ಅರ್ಧಕ್ಕರ್ಧ ಪಟ್ಟಿ ಬಿಚ್ಚಿ ತೆಗೆದು, ಅಚ್ಚಿಗೂ ಚಾಸಿಗೂ ನಡುವೆ ಎರಡೂ ಬದಿಗೆ ಒಂದೊಂದು ಬಲೂನು ಕೂರಿಸಿದರು. ತಾಮ್ರದ ಸಣ್ಣ ನಳಿಗೆ ಎಳೆದು, ಹಿಂಬಾಗಿಲ ಹತ್ತಿರ ಗಾಳಿ ಹೊಡೆಯಲು ವಾಲ್ವು ಇಟ್ಟರು. ಪಂಪು ಹಚ್ಚಿದಾಗ ಗಾಡಿಯ ಬೆನ್ನು ಮೆಲ್ಲಗೆ ಮೇಲೆದ್ದಿತು. ಚಾಳಿನವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ, ಸತ್ತಿದೆ ಎಂದುಕೊಂಡ ದನ ಎದ್ದು ನಿಂತ ಹಾಗೆ ಕಂಡಿತು.

ಬಿಚ್ಚಿದ ಪಟ್ಟಿಗಳನ್ನು ಗೋಡೆಗೆ ಒರಗಿಸಿದ್ದರು.

"ಮಾಮಾ, ಬಲೂನ್ ಒಡದ್ರ?" ಎಂದು ಕೇಳಿದೆ.

"ಯಾಕ ಒಡೀತೈತಿ?"

"ಒಡದ್ರ ಅಂತ ಕೇಳಾಕತ್ತೀನಿ. ಅರ್ಧಾ ಪಟ್ಟಿ ಇಲ್ಲಿ ಗ್ವಾಡಿಗೆ ನಿಂತಾವ. ಆ ಭಾರ ಯಾರ ಹೊರತಾರ್ರಿ?"

"ನಿನ್ನ ಬಾಯಾಗ ಒಂದರೇ ಛಲೋ ಮಾತ ಬರ್ತೈತೇನ ನೋಡು," ಎಂದು ಅವರು ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡು ಗಾಡಿಯಡಿ ತೂರಿಕೊಂಡರು.

ಆಮೇಲೆ ಪರೀಕ್ಷೆ. ಅಕ್ಕ ಮಲಗಬೇಕಾದ ಮಂಚದ ಮೇಲೆ ಹಿತ್ತಾಳೆಯ ತಂಬಿಗೆಯನ್ನು ಕಂಠಮಟ್ಟ ತುಂಬಿ ಇಟ್ಟು, ನನ್ನನ್ನು ಕಾವಲಿಗೆ ಕೂರಿಸಿ, ಮಾಮಾ ಮಾರ್ವೆ ರಸ್ತೆಯಲ್ಲಿ ಸಮುದ್ರದವರೆಗೆ ಗಾಡಿ ಓಡಿಸಿದರು. ಮಳೆಗಾಲ ತಿಂದು ಬಿಟ್ಟ ರಸ್ತೆ, ಹೆಜ್ಜೆಗೊಂದು ಹೊಂಡ. ಗಾಡಿ ಹೊಂಡಕ್ಕಿಳಿದಾಗ ಒಳಗೆ ತೊಟ್ಟಿಲು ತೂಗಿದಂತಾಗುತ್ತಿತ್ತು, ಅಷ್ಟೇ. ತಂಬಿಗೆಯ ನೀರು ಅಂಚಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು, ಹೊರಗೆ ಬೀಳಲಿಲ್ಲ. ಸುಳ್ಳು ಹೇಳುವುದಿಲ್ಲ, ನನಗೂ ಸೋಜಿಗವೆನಿಸಿತು. ಆದರೆ ಒಂದು ಮಾತು ಮನಸ್ಸಿಗೆ ಹತ್ತಿತು. ಲೋಕಲ್ಲಿನಲ್ಲಿ ಕೂತರೆ, ಬಸ್ಸಿನಲ್ಲಿ ಕೂತರೆ ಕೆಳಗೆ ನೆಲವಿದೆ ಎಂದು ಮೈಗೆ ತಿಳಿಯುತ್ತದೆ. ಇಲ್ಲಿ ಕೆಳಗೆ ಏನಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಹಿಂದಿರುಗುವಾಗ ಕೈ ತಾನಾಗಿ ಮಂಚದ ಕಾಲು ಹಿಡಿದುಕೊಂಡಿತ್ತು.

ವಾಲುವುದು ಶುರುವಾದದ್ದು ಮರುದಿನದಿಂದ. ಎಡಗಡೆಯ ಬಲೂನು ಎಲ್ಲೋ ಗಾಳಿ ಬಿಡುತ್ತಿತ್ತು. ಮಾಮಾ ಸಾಬೂನಿನ ನೀರು ಸವರಿ ಗುಳ್ಳೆ ಏಳುತ್ತದೋ ಎಂದು ಕಣ್ಣಿಟ್ಟು ನೋಡಿದರು. ವಾಲ್ವಿನಲ್ಲಿ ಇಲ್ಲ, ನಳಿಗೆಯಲ್ಲಿ ಇಲ್ಲ, ರಬ್ಬರಿನ ಮಡಿಕೆಗಳಲ್ಲಿ ಇಲ್ಲ. ಎಲ್ಲವೂ ಸರಿ, ಆದರೆ ಬೆಳಿಗ್ಗೆ ಗಾಡಿ ವಾಲಿರುವುದು ಮಾತ್ರ ತಪ್ಪಲಿಲ್ಲ. ಕೊನೆಗೆ, "ಹೊಸಾದು, ಕುಂದ್ರಾಕ ಟೈಮ್ ತಗೋತೈತಿ," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೊಸದೇನು ಬಂತು, ಯಾವುದೋ ಯಂತ್ರದಡಿ ವರ್ಷಾನುಗಟ್ಟಲೆ ಬಿದ್ದಿದ್ದ ಮಾಲು. ಗಾಡಿ ಹೊರಟಾಗ ಆ ಮೂಲೆಯಿಂದ ಕೀಂ ಎಂದು ಸದ್ದು ಬರುತ್ತಿತ್ತು, ಹಸಿದ ಬೆಕ್ಕಿನಂತೆ. ಫೋರ್ಟಿನ ಆಫೀಸಿನಲ್ಲಿ ಟೈಪ್ ಮಾಡುತ್ತ ಕೂತಾಗಲೂ ಅದು ನನ್ನ ಕಿವಿಯಲ್ಲೇ ಇರುತ್ತಿತ್ತು.

ನಮ್ಮ ಕಡೆಯ ಗಾಡಿಯವರಿಗೆ ಅಮಾವಾಸ್ಯೆ ಎಂದರೆ ಗಾಡಿಯ ಹಬ್ಬ. ಗಾಡಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯದಿದ್ದರೆ ಅಂದು ಕೀಲಿ ಮುಟ್ಟುವುದಿಲ್ಲ. ಮಾಮಾರ ಗ್ಯಾರೇಜಿನಲ್ಲಿ ಇನ್ನೊಂದು ಪದ್ಧತಿಯಿತ್ತು. ತೊಳೆದ ಮೇಲೆ ಗಾಡಿಯಡಿ ಮಲಗಿ, ಇಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆಗೆ ಸೀಮೆಎಣ್ಣೆ ಬೆರೆಸಿ ಕಮಾನುಗಳಿಗೆಲ್ಲ ಪಂಪಿನಿಂದ ಹೊಡೆಯುವುದು. ಎಣ್ಣೆ ಕುಡಿದ ಕಮಾನು ಕಿರುಗುಟ್ಟುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅಲ್ಲಿಗೆ ಬಂದ ಯಾವ ಲಾರಿಯೂ ಈ ಅಭ್ಯಂಜನವಿಲ್ಲದೆ ಹೊರಗೆ ಹೋದದ್ದಿಲ್ಲ. ದಸರೆಯ ಖಂಡೇಪೂಜೆಯ ದಿನ ಮಾಮಾ ಮನೆಗಾಡಿಗೂ ಎಣ್ಣೆ ಹೊಡೆದರು. ಕಮಾನಿಗೆ ಹೊಡೆದು, ಬೂದು ಹಿಡಿದಿದ್ದ ಬಲೂನುಗಳಿಗೂ ಹೊಡೆದು, ಮೇಲೆ ಬಟ್ಟೆಯಿಂದ ತಿಕ್ಕಿದರು. ರಬ್ಬರು ಎಮ್ಮೆಯ ಮೈಯಂತೆ ಮಿರಿಮಿರಿ ಹೊಳೆಯಿತು. ಕೆಳಗಿನಿಂದ ಎದ್ದುಬಂದ ಅವರ ಮುಖದಲ್ಲಿ ಮಗುವಿಗೆ ಎರೆದು ಮುಗಿಸಿದವರ ಕಳೆಯಿತ್ತು.

ಅಂದಿನಿಂದ ಆ ಕೀಂ ಸದ್ದು ನಿಂತಿತು. ಕೆಲವೇ ದಿನಗಳಲ್ಲಿ ವಾಲುವುದೂ ಕಡಿಮೆಯಾಯಿತು. ಮಾಮಾ ನನ್ನನ್ನು ಗ್ಯಾಲರಿಯಿಂದ ಕರೆದು, "ಏನವಾ, ಈಗ ಏನಂತಿ?" ಎಂದು ಹಂಗಿಸಿದರು. ಕಿರುಚುತ್ತಿದ್ದದ್ದು ಸುಮ್ಮನಾಯಿತಲ್ಲ ಎಂದು ಎಲ್ಲರಿಗೂ ಸಂತೋಷ. ನನಗೇಕೋ ಆ ಸುಮ್ಮನಿರುವಿಕೆಯೇ ಸರಿಬರಲಿಲ್ಲ.

ಅಕ್ಕನೂ ಅದೇ ದಿನಗಳಲ್ಲಿ ಸುಮ್ಮನಾಗತೊಡಗಿದಳು. ಮೊದಲು ನಳದ ಸರದಿಗೆ, ರೇಷನ್ ಅಕ್ಕಿಯ ವಾಸನೆಗೆ, ನನ್ನ ತಡವಾದ ಲೋಕಲ್ಲಿಗೆ ಎಲ್ಲಕ್ಕೂ ಬೈಯುತ್ತಿದ್ದವಳು. ಈಗ ಕೇಳಿದ್ದಕ್ಕೆ ಮಾತ್ರ ಉತ್ತರ. ಅವ್ವ ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ಬಂದಿಳಿದಳು. ಖೋಲಿಯಲ್ಲೇ ಕುಬಸ ಮಾಡಿದೆವು. ಚಾಳಿನ ಮರಾಠಿ ಹೆಂಗಸರು ಬಂದು ಆರತಿ ಎತ್ತಿ, ಗಂಡೇ ಆಗುತ್ತದೆ ನೋಡು ಎಂದು ಹೇಳಿ ಹೋದರು. ಅಕ್ಕ ನಕ್ಕಳು. ಅವರು ಹೋದ ಮೇಲೆ, ಸಾಮಾನು ಕಟ್ಟುತ್ತಿದ್ದ ನನಗೆ, "ಗಂಡರೇ ಆಗಲಿ ಹೆಣ್ಣರೇ ಆಗಲಿ, ಉಸಿರಾಡ್ಕೋತ ಬಂದ್ರ ಸಾಕ," ಅಂದಳು. ನಾನು ಕಟ್ಟಿದ್ದ ಗಂಟನ್ನೇ ಇನ್ನೊಮ್ಮೆ ಬಿಗಿದೆ.

ದೀಪಾವಳಿಯ ಅಮಾವಾಸ್ಯೆಗೆ ಮಾಮಾ ಮತ್ತೊಮ್ಮೆ ಎಣ್ಣೆ ಹೊಡೆದರು. ಪಾಡ್ಯ ಮುಗಿದ ಮರುದಿನ ಬೆಳಿಗ್ಗೆ ಹೊರಡುವುದೆಂದಾಯಿತು. ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಗಾಡಿ ಮುಂದೆ ಸರಿದಾಗ ಮೂರು ಹಣ್ಣು ಒಡೆದವು. ಹಿಂದಿನ ಎಡಗಾಲಿಯದು ಒಡೆಯದೆ ಜಾರಿ ಗಟಾರದ ಕಡೆ ಉರುಳಿತು. ಅವ್ವ ಅದನ್ನು ನೋಡಿದಳು, ನಾನೂ ನೋಡಿದೆ.

"ಅಳಿಯಾರ, ಇವತ್ತ ಬ್ಯಾಡ್ರಿ," ಎಂದು ಅವ್ವ ಬಾಗಿಲ ಹತ್ತಿರ ಹೋದಳು.

"ಅತ್ಯಾರ, ಹಣ್ಣ ಒದ್ದಿ ಇತ್ತು, ಜಾರೇತಿ. ಹತ್ತ್ರಿ," ಅಂದರು ಮಾಮಾ. ಇಳಿದು ಅದೇ ಹಣ್ಣನ್ನು ತಂದು ಗಾಲಿಗೆ ಸರಿಯಾಗಿ ಇಟ್ಟು, ಮತ್ತೆ ಹತ್ತಿ ಒಡೆಸಿದರು.

ಅವ್ವ ಮುಂದೆ ಮಾಮಾರ ಪಕ್ಕ ಕೂತಳು. ಒಳಗೆ ಮಂಚದ ಮೇಲೆ ಅಕ್ಕ, ಅವಳ ಕಾಲ ಬಳಿ ನಾನು. ತಲೆಯ ಹತ್ತಿರದ ಹಲಗೆಯ ಮೇಲೆ ಅದೇ ತಂಬಿಗೆ, ತುಂಬ ನೀರು. ಕುಡಿಯಲು ಎಂದು ಹೇಳಿದ್ದರೂ, ಅದು ಮಾಮಾರ ಸಾಕ್ಷಿ ಎಂದು ಎಲ್ಲರಿಗೂ ಗೊತ್ತಿತ್ತು. ಚಾಲಕನ ಹಿಂದೆ ಸಣ್ಣ ಕಿಂಡಿಯಿತ್ತು. ಸ್ವಲ್ಪ ಸ್ವಲ್ಪ ಹೊತ್ತಿಗೆ ಅದರಿಂದ ಅವರ ಧ್ವನಿ ಬರುತ್ತಿತ್ತು.

"ಹೆಂಗೈತಿ?"

"ಏನೂ ಗೊತ್ತಾಗವಲ್ದು," ಎಂದು ಅಕ್ಕ ಉತ್ತರ ಕೊಡುತ್ತಿದ್ದಳು.

ಆರೇ ಕಾಲನಿ ದಾಟಿದೆವು. ಎಮ್ಮೆಗಳ ಕೊಟ್ಟಿಗೆಗಳ ವಾಸನೆ ಬಂದು ಹೋಯಿತು. ಪವಯಿ ಕೆರೆಯ ಪಕ್ಕ ರಸ್ತೆ ಕೆಟ್ಟಿತ್ತು, ಆದರೂ ಗಾಡಿ ದೋಣಿಯ ಹಾಗೆ ಹೋಯಿತು. ನನ್ನ ಕಿವಿಯೆಲ್ಲ ಕೆಳಗೆ, ಎಡಗಡೆಯ ಆ ಮೂಲೆಯಲ್ಲಿತ್ತು. ಅಲ್ಲಿಂದ ಪಿಟ್ಟೆನ್ನುವ ಸದ್ದೂ ಇರಲಿಲ್ಲ. ಅಕ್ಕನ ಹಣೆಯಲ್ಲಿ ಬೆವರು ಕಂಡು, "ಕುಲಕ್ತೈತೇನ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿ ತಂಬಿಗೆಯನ್ನು ನೋಡಿದಳು. ಅವಳ ಕೈ ಹಾಸಿಗೆಯ ಅಂಚನ್ನು ಹಿಡಿದಿತ್ತು. ಸೆಕೆ ಎಂದುಕೊಂಡು ನಾನು ಪರದೆ ಸರಿಸಿದೆ.

ವಿಕ್ರೋಳಿಯಲ್ಲಿ ದೊಡ್ಡ ರಸ್ತೆಗೆ ತಿರುಗಿದ್ದೆವು. ಕಾರ್ಖಾನೆಯ ಪಾಳಿ ಬಿಡುವ ಹೊತ್ತು, ರಸ್ತೆಯ ಬದಿಗೆ ಜನವೋ ಜನ. ಮಾಮಾ ನಿಧಾನ ಮಾಡಿದರು. ಆಗ ಕೆಳಗೆ ಧಪ್ಪೆಂದು ಒಂದು ಸದ್ದು, ಅದರ ಹಿಂದೆಯೇ ದೊಡ್ಡ ಜೀವವೊಂದು ಉಸಿರು ಬಿಟ್ಟಂತೆ ಉದ್ದನೆಯ ಸುಯ್ಯಾಟ. ಎಡಗಡೆಯ ನೆಲ ಕುಸಿಯಿತು. ಕಪಾಟುಗಳ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ತಂಬಿಗೆ ಉರುಳಿ ನನ್ನ ಮೊಣಕಾಲಿಗೆ ಬಡಿಯಿತು. ನಾನು ಅಕ್ಕನ ಮೇಲೆ ಬಿದ್ದು ಅವಳು ಮಂಚದಿಂದ ಜಾರದಂತೆ ತಬ್ಬಿ ಹಿಡಿದೆ. ಗಾಡಿ ತನ್ನ ಮೈಯನ್ನು ಗಾಲಿಗೆ ತಿಕ್ಕಿಕೊಳ್ಳುತ್ತ, ಸುಟ್ಟ ರಬ್ಬರಿನ ವಾಸನೆಯೊಂದಿಗೆ ರಸ್ತೆಯ ಬದಿಗೆ ಹೋಗಿ ನಿಂತಿತು.

ಮಾಮಾ ಹಿಂಬಾಗಿಲು ಕಿತ್ತುಹೋಗುವಂತೆ ತೆರೆದರು. ಅಕ್ಕ ಕಣ್ಣು ಬಿಟ್ಟಿದ್ದಳು. ಅವರು ಅವಳನ್ನು ನೋಡಿದರು, ಒದ್ದೆಯಾದ ಹಾಸಿಗೆಯನ್ನು ನೋಡಿದರು, ಬಿದ್ದ ತಂಬಿಗೆಯನ್ನು ನೋಡಿದರು. ಅವರ ಮುಖಕ್ಕೆ ಮತ್ತೆ ಸ್ವಲ್ಪ ಕಳೆ ಬಂತು.

"ಏನೂ ಆಗಿಲ್ಲ. ನೀರ ಚೆಲ್ಲೇತಿ ಅಷ್ಟ," ಅಂದರು.

ಅಷ್ಟರಲ್ಲಿ ಅವ್ವ ಅವರನ್ನು ಸರಿಸಿ ಒಳಗೆ ಹತ್ತಿದಳು. ಹಾಸಿಗೆಯ ಮೇಲೆ ಅಂಗೈ ಇಟ್ಟಳು. ನೀರು ಬೆಚ್ಚಗಿತ್ತು.

ಆಮೇಲಿನದೆಲ್ಲ ಕಾರ್ಖಾನೆಯ ಆ ಗುರುತಿಲ್ಲದ ಜನ ಮಾಡಿದ್ದು. ಒಂದು ಟೆಂಪೋ ನಿಲ್ಲಿಸಿ, ಅಕ್ಕನನ್ನು ಹಾಸಿಗೆಯ ಸಮೇತ ಎತ್ತಿ ಅದರಲ್ಲಿಟ್ಟರು. ಹೆರಿಗೆ ಆಸ್ಪತ್ರೆ ಹತ್ತಿರದಲ್ಲೇ ಇತ್ತು, ಟೆಂಪೋ ಗೇರು ಬದಲಿಸುವಷ್ಟರಲ್ಲಿ ಬಂದಂತಾಯಿತು. ಅವ್ವ ಒಳಗೆ ಹೋದಳು. ಹೊರಗೆ ಬೆಂಚಿನ ಮೇಲೆ ಮಾಮಾ, ನಾನು. ಅವರ ಕೈಗಳಿಗೆಲ್ಲ ಮಸಿ. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡು ಕೂತಿದ್ದರು. ನನಗೆ ಅವರನ್ನು ಬೈಯಬೇಕೆನಿಸಿತ್ತು. ಗೋಡೆಗೆ ಒರಗಿ ನಿಂತ ಪಟ್ಟಿಗಳ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಕೈ ನೋಡಿ ನುಂಗಿಕೊಂಡೆ.

ಹೆಣ್ಣು ಕೂಸು. ಎರಡೂ ಅಂಗೈಯಲ್ಲಿ ಹಿಡಿಯುವಷ್ಟು. ಅತ್ತಿತು, ಆದರೆ ಬಾಗಿಲಾಚೆ ಕೇಳಿಸುವಷ್ಟು ಜೋರಾಗಿ ಅಲ್ಲ. ಹತ್ತಿಯಲ್ಲಿ ಸುತ್ತಿ, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅವ್ವ ಬೆರಳು ಮಡಚಿ ಮಡಚಿ ಲೆಕ್ಕ ಹಾಕುತ್ತ, ಎಂಟು ಬಿದ್ದಿದೆ ಎಂದ ನರ್ಸಿನೊಡನೆ ಏಳೇ ಎಂದು ಜಗಳಕ್ಕೆ ನಿಂತಳು. ವಾರಗಟ್ಟಲೆ ನಾವು ಆ ಗಾಜಿನ ಮುಂದೆ ನಿಂತು ಅದರ ಎದೆ ಏಳುತ್ತದೋ ಇಲ್ಲವೋ ನೋಡಿದೆವು. ನಾನು ಆಫೀಸಿನಿಂದ ನೇರ ಅಲ್ಲಿಗೆ ಬರುತ್ತಿದ್ದೆ, ಮೆಟ್ಟಿಲ ಮೇಲೆ ಅವ್ವನ ಮುಖ ಕಾಣುವವರೆಗೆ ಉಸಿರು ಬಿಗಿಹಿಡಿದುಕೊಂಡು. ಕೂಸು ಉಳಿಯಿತು.

ಉಳಿಯುತ್ತದೆ ಎಂದು ಖಾತ್ರಿಯಾದ ದಿನ ಅಲ್ಲಿಯ ಡಾಕ್ಟರು ಮಾಮಾರನ್ನು ಕೂರಿಸಿ, ಗಾಡಿ ಕುಸಿದದ್ದರಿಂದ ಆದ ಹೆರಿಗೆ ಅಲ್ಲ ಇದು, ಬೆಳಗಿನ ಜಾವದಿಂದಲೇ ನೋವು ಶುರುವಾಗಿತ್ತಲ್ಲ ಎಂದರು. ಮಾಮಾ ನನ್ನ ಮುಖ ನೋಡಿದರು. ನಾನು ಅಕ್ಕನ ಹತ್ತಿರ ಹೋದೆ.

"ಹೌದೇನ? ಮುಂಜಾನಿಂದ ಬ್ಯಾನಿ ಬರಾಕತ್ತಿತ್ತೇನ?"

"ಅವ್ರು ಅಷ್ಟ ಕಷ್ಟಪಟ್ಟ ಮಾಡಿದ್ರು. ಗಾಡಿ ಖರೇನ ಕುಲಕಲಿಲ್ಲ. ನಂಗ ನೋಯ್ತೈತಿ ಅಂದ್ರ, ಗಾಡಿದ ತಪ್ಪ ಅಂತ ತಿಳಕೋತಿದ್ರು," ಎಂದಳು. ಆಮೇಲೆ, "ಘಾಟ ದಾಟಿದ್ಮ್ಯಾಲ ಹೇಳೂಣ ಅಂತಿದ್ದೆ," ಅಂದಳು.

ಘಾಟಿನಲ್ಲಿ ಎಲ್ಲಿಯ ಆಸ್ಪತ್ರೆ, ಎಲ್ಲಿಯ ಗಾಜಿನ ಪೆಟ್ಟಿಗೆ? ಇಷ್ಟು ದಿನ ನಾನು ಒಡೆಯಬಾರದು, ಒಡೆಯಬಾರದು ಎಂದು ಎಡಗಡೆಯ ಬಲೂನಿಗೆ ಕಿವಿ ಕೊಟ್ಟು ಕೂತಿದ್ದೆ. ಅದು ಇನ್ನೊಂದಷ್ಟು ದೂರ ತಾಳಿಕೊಂಡಿದ್ದರೆ, ಆ ಹೂವಿನ ಪರದೆಗಳ ನಡುವೆ, ಒಂದಿಷ್ಟೂ ಕುಲುಕದ ಮಂಚದ ಮೇಲೆ, ಅಕ್ಕ ಹಲ್ಲು ಕಚ್ಚಿಕೊಂಡು ಏನೂ ಗೊತ್ತಾಗವಲ್ದು ಎನ್ನುತ್ತಲೇ ಇರುತ್ತಿದ್ದಳು. ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ, ಬೈಯುತ್ತಲೇ ಅತ್ತೆ.

ಒಡೆದ ಬಲೂನನ್ನು ಮಾಮಾ ಗ್ಯಾರೇಜಿನಲ್ಲಿ ಬಿಚ್ಚಿದರು. ಹೊರಗಿನಿಂದ ಮಿರಿಮಿರಿ ಹೊಳೆಯುತ್ತಿದ್ದ ರಬ್ಬರು ಊದಿ, ಸೋರುತ್ತಿದ್ದ ತೂತನ್ನು ತಾನೇ ಮುಚ್ಚಿಕೊಂಡು, ಬಿಸಿಲಿಗಿಟ್ಟ ಬೆಲ್ಲದ ಹಾಗೆ ಮೆತ್ತಗಾಗಿತ್ತು. ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಮಾಮಾ ಬೆರಳನ್ನು ಮೂಗಿಗೆ ಹಿಡಿದು ವಾಸನೆ ನೋಡಿದರು.

"ಉಕ್ಕಿಗೆ ಕುಡಿಸೂ ಎಣ್ಣೀನ ರಬ್ಬರಿಗೆ ಕುಡಿಸೀನಿ. ನಾನ ಕೈಯಾರೆ," ಎಂದರು. ಬಲಗಡೆಯದನ್ನೂ ಬಿಚ್ಚಿ ಎರಡನ್ನೂ ಗುಜರಿಗೆ ಹಾಕಿ, ಗೋಡೆಗೆ ಒರಗಿದ್ದ ಪಟ್ಟಿಗಳನ್ನು ಒಂದೂ ಬಿಡದೆ ಮರಳಿ ಬಿಗಿದರು.

ಕೂಸು ಕತ್ತು ನಿಲ್ಲಿಸಿದ ಮೇಲೆ ಅದೇ ಗಾಡಿಯಲ್ಲಿ ಊರಿಗೆ ಹೊರಟೆವು. ಮತ್ತೆ ಮೊದಲಿನ ಲಾರಿಯೇ. ಕಪಾಟುಗಳು ತೆರೆದು ಮುಚ್ಚುತ್ತಿದ್ದವು, ನನ್ನ ಸೊಂಟದ ಕಥೆ ಮುಗಿದಿತ್ತು. ಕೂಸು ಮಾತ್ರ ಅಕ್ಕನ ಮಡಿಲಲ್ಲಿ ಆರಾಮಾಗಿ ನಿದ್ದೆ ಮಾಡುತ್ತಿತ್ತು. ಅಕ್ಕ ಆರೇ ಕಾಲನಿಯಿಂದಲೇ ಬಾಯಿ ತೆರೆದಳು. "ಹೊಂಡ ಕಾಣಂಗಿಲ್ಲೇನ್ರಿ? ಕಣ್ಣ ಎಲ್ಲಿಟ್ಟೀರಿ? ನನ್ನ ಎಲಬ ಎಣಿಸಬೇಕಂತ ಮಾಡೀರೇನ?" ಎಂದು ಕಿಂಡಿಗೆ ಮುಖವಿಟ್ಟು ಬೈಯುತ್ತಿದ್ದಳು. "ಆತು, ಆತು," ಎಂದು ಮುಂದಿನಿಂದ ಮಾಮಾ ಹೇಳುತ್ತಿದ್ದರು, ಆದರೆ ಗಾಡಿಯನ್ನು ಮಾತ್ರ ಹಾಗೆಯೇ ಓಡಿಸುತ್ತಿದ್ದರು.

ವಿಕ್ರೋಳಿ ದಾಟುತ್ತಿದ್ದಂತೆ ಅಕ್ಕನ ಬಾಯಿ ನಿಂತಿತು. ಇನ್ನೂ ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಗಾಡಿ ರಸ್ತೆಯ ಬದಿಗೆ ಸರಿದು ನಿಂತಿತು. ಮಾಮಾ ಇಳಿದು ಓಡಿಬಂದು ಹಿಂಬಾಗಿಲು ತೆರೆದರು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಯಾಕ ಸುಮ್ಮನಾದಿ?"

ಅಕ್ಕ ಕಣ್ಣುಜ್ಜಿಕೊಂಡಳು. "ಕಣ್ಣ ಹತ್ತಿತ್ತರೀ," ಅಂದಳು.

ಮಾಮಾ ಬಾಗಿಲು ಹಿಡಿದುಕೊಂಡು ಅವಳನ್ನೂ ಕೂಸನ್ನೂ ನೋಡುತ್ತ ನಿಂತರು.

"ಬೈಕೋತ ಇರು," ಎಂದು ಹೇಳಿ, ಬಾಗಿಲು ಮುಚ್ಚಿ ಮುಂದೆ ಹೋದರು.